ಎರಡು ದೋಣಿಗೆ ಒಂದೇ ಕೀಬೋರ್ಡ್

ಹಲ್ಲುನೋವು ಬಂದವರಿಗೆ ಪ್ರೀತಿ ಪ್ರೇಮದ ಯೋಚನೆ ಬರುವುದಿಲ್ಲ. ಅವಳಿಗಂತೂ ಆ ಸಂಜೆ ಮನುಷ್ಯರ ಮುಖವೇ ಬೇಡವಾಗಿತ್ತು. ಬಲಗೆನ್ನೆಗೆ ಕರವಸ್ತ್ರ ಒತ್ತಿಕೊಂಡು, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಕಾಯುವ ಕೋಣೆಯ ಬೆಂಚಿನ ತುದಿಗೆ ಮುದುಡಿ ಕೂತಿದ್ದಳು.

ಆದರೆ ಆ ಕೋಣೆ ಸುಮ್ಮನಿರಬೇಕಲ್ಲ! ಮೂಲೆಯ ಮೇಜಿನ ಮೇಲೆ, ಬೆನ್ನು ಉಬ್ಬಿದ ಹಳೇ ಕಾಲದ ಕಂಪ್ಯೂಟರ್ ಒಂದಿತ್ತು. ಅದರ ಕಪ್ಪು ಪರದೆಯ ಮೇಲೆ ಒಂದಷ್ಟು ಬಿಳಿ ಚುಕ್ಕಿಗಳು. ಮುಂದೆ ಒಬ್ಬ ತಾತ, ಪಕ್ಕದಲ್ಲಿ ಒಬ್ಬಳು ಕಾಲೇಜು ಹುಡುಗಿ. ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಆ ಇಬ್ಬರು ಒಂದೇ ಕೀಬೋರ್ಡಿನ ಮೇಲೆ ಕೈ ಇಟ್ಟುಕೊಂಡು ಸೂರು ಹಾರಿಹೋಗುವಂತೆ ಕೂಗುತ್ತಿದ್ದರು.

"ಅಯ್ಯೋ ತಾತ, ಬಂಡೆ ಬಂಡೆ! ತಿರುಗಿಸಿ!"

"ನೀನು ಸ್ವಲ್ಪ ತಡಿಯಮ್ಮ, ನನಗೂ ದಾರಿ ಬಿಡು!"

ಅವಳಿಗೆ ನೋವಿಗಿಂತ ಸಿಟ್ಟು ಜಾಸ್ತಿಯಾಯಿತು. ಪಕ್ಕದಲ್ಲಿ ಚೌಕಳಿ ಶರ್ಟಿನವನೊಬ್ಬ ಕಾಫಿ ಹೀರುತ್ತಾ ಆ ಆಟವನ್ನೇ ನೋಡುತ್ತಿದ್ದ. ಅವಳು ಅವನ ಕಡೆ ತಿರುಗಿದಳು.

"ಇದನ್ನೂ ಒಂದು ಆಟ ಅಂತಾರಾ? ಎಲ್ಲಿಂದ ತಂದಿಟ್ಟಿದ್ದಾರೋ ಈ ಡಬ್ಬಾನ! ಗುಜರಿಗೆ ಹಾಕೋದಲ್ವಾ?"

"ನೀವು ಕಂಪ್ಯೂಟರ್ ಗೇಮ್ ಆಡ್ತೀರಾ?"

"ಆಡೋದಷ್ಟೇ ಅಲ್ಲ, ಮಾಡ್ತೀನಿ. ಗೇಮ್‌ಗಳಿಗೆ ಬೆಳಕು ಹಾಕೋದು ನನ್ನ ಕೆಲಸ. ಮೊನ್ನೆ ಒಂದು ಗುಹೆಗೆ ನಾನೂರು ದೀಪ ಇಟ್ಟೆ, ಗೊತ್ತಾ?"

ಅವನು ಕಾಫಿ ಲೋಟವನ್ನು ಕೆಳಗಿಟ್ಟು ಗಂಭೀರವಾಗಿ ಯೋಚಿಸಿದ. "ಅಷ್ಟು ದೀಪ ಇಟ್ಟಮೇಲೆ ಅದು ಗುಹೆ ಹೇಗಾಗುತ್ತೆ?"

ಇಷ್ಟು ಹೇಳಿ ಎದ್ದು ಹೋದ. ಏನು ಮಾತಾಡುವ ಮನುಷ್ಯ ಇವನು ಎಂದುಕೊಳ್ಳುತ್ತಿರುವಾಗಲೇ ಕೌಂಟರಿನಿಂದ ಅವಳ ಸರದಿ ಬಂತೆಂದು ಕೂಗಿದರು. ಒಳಗೆ ಹೋಗಿ ಕುರ್ಚಿಯಲ್ಲಿ ಒರಗಿ ಮೇಲೆ ನೋಡಿದರೆ, ಮಾಸ್ಕಿನ ಮೇಲಿಂದ ಅವೇ ಎರಡು ಕಣ್ಣುಗಳು. ಬಿಳಿ ಕೋಟಿನ ಕೊರಳಲ್ಲಿ ಅದೇ ಚೌಕಳಿ ಶರ್ಟು ಇಣುಕುತ್ತಿತ್ತು.

"ಗುಜರಿ ವಿಷಯ ಆಮೇಲೆ ಮಾತಾಡೋಣ," ಎಂದ ಡಾಕ್ಟರ್. "ಈಗ ಬಾಯಿ ತೆಗೀರಿ."

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಬಾಯಿ ಬಿಟ್ಟವಳು ಅವಳೇ.

ಎಕ್ಸ್-ರೇ ನೋಡಿ ಅವನು, ಹಲ್ಲಿನ ಬೇರಿನಲ್ಲಿ ಕೀವು ಸೇರಿದೆ, ರೂಟ್ ಕೆನಾಲ್ ಮಾಡಿ ಮೇಲೆ ಕ್ಯಾಪ್ ಹಾಕಬೇಕು, ನಾಲ್ಕೈದು ಸಲ ಬರಬೇಕಾಗುತ್ತದೆ ಎಂದ. ಅವಳು, "ಅಷ್ಟೆಲ್ಲ ಯಾಕೆ, ಕಿತ್ತು ಬಿಸಾಕಿಬಿಡಿ," ಎಂದಳು.

"ಹಳೇದನ್ನ ಕಂಡ್ರೆ ನಿಮಗೆ ಯಾಕೆ ಇಷ್ಟು ಸಿಟ್ಟು? ಉಳಿಸ್ಕೊಳ್ಳೋಣ."

ಅವನ ಕಣ್ಣುಗಳು ನಗುತ್ತಿದ್ದವು. ಮಾಸ್ಕ್ ಹಾಕಿದವರ ನಗು ಪೂರ್ತಿ ಕಣ್ಣಿಗೇ ಬಂದುಬಿಡುತ್ತದೆ ಎಂಬುದು ಅವಳಿಗೆ ಅಂದು ತಿಳಿಯಿತು. ಬೆಳಕಿನ ಕೆಲಸದವಳಾದ್ದರಿಂದ ಅದನ್ನು ಗಮನಿಸಿದಳು ಎಂದು ತನಗೆ ತಾನೇ ಹೇಳಿಕೊಂಡಳು.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಹಿಡಿದಳು. "ಹೇಗಿದ್ದಾರೆ ಡಾಕ್ಟರು?"

"ಬಾಯಿ ಜಾಸ್ತಿ."

"ನಿನಗಿಂತಲೂ?" ಎಂದ ಅಕ್ಕ ತಂಗಿಯ ಮುಖವನ್ನು ಓರೆಗಣ್ಣಿನಿಂದ ನೋಡಿ ಒಳಗೆ ಹೋದಳು.

*

ಆಫೀಸಿನಲ್ಲಿ ಎಲ್ಲರೂ ಅವಳನ್ನು ಲೈಟಮ್ಮ ಎನ್ನುತ್ತಿದ್ದರು. ಕಂಪನಿಯ ಹೊಸ ಆಟದಲ್ಲಿ ಒಂದು ಸೂರ್ಯೋದಯವಿತ್ತು. ಅದು ಪೂರ್ತಿ ಅವಳದ್ದೇ. ಮೋಡದ ಅಂಚಿಗೊಂದು ಬಣ್ಣ, ಅಲೆಯ ಬೆನ್ನಿಗೊಂದು ಬಣ್ಣ, ಹುಲ್ಲಿನ ತುದಿಯ ಇಬ್ಬನಿಗೆ ಬೇರೆಯೇ ಹೊಳಪು. ಊಟ ನಿದ್ದೆ ಮರೆತು ಮಾಡಿದ್ದಳು.

ಆ ವಾರ ಆಟವನ್ನು ಪರೀಕ್ಷೆಗೆ ಹೊರಗಿನವರ ಕೈಗೆ ಕೊಟ್ಟರು. ಅವಳು ಗಾಜಿನ ಆಚೆ ನಿಂತು ನೋಡಿದಳು. ಸೂರ್ಯ ಮೇಲೇಳುತ್ತಿದ್ದಂತೆ ಒಬ್ಬ ಆಕಳಿಸಿದ. ಇನ್ನೊಬ್ಬ ಫೋನ್ ತೆಗೆದ. ಮೂರನೆಯವಳು ಬಟನ್ ಒತ್ತಿ ಮುಂದಕ್ಕೆ ಓಡಿಸಿಬಿಟ್ಟಳು.

ಅವಳಿಗೆ ಅಳು ಬಂತು. ಆದರೆ ಅವರ ಮೇಲೆ ಸಿಟ್ಟು ಬರಲಿಲ್ಲ, ಅದೇ ದೊಡ್ಡ ಸಂಕಟ. ಅವಳೂ ಹಾಗೇ ಆಗಿದ್ದಳು. ಯಾವ ಆಟ ನೋಡಿದರೂ, ಯಾವ ಬೆಟ್ಟದ ಮೇಲೆ ಯಾವ ಬಿಸಿಲು ಬಿದ್ದರೂ, ಇದಕ್ಕೆ ಎಷ್ಟು ದೀಪ ಇಟ್ಟಿರಬಹುದು ಎಂಬ ಲೆಕ್ಕವೇ ತಲೆಯಲ್ಲಿ. ಕಣ್ಣು ಬಾಯಿ ಬಿಟ್ಟುಕೊಂಡು ನೋಡುವ ಸುಖ ಎಂದೋ ಕೈತಪ್ಪಿ ಹೋಗಿತ್ತು. ಇನ್ನು ಮುಂದೆ ಅದು ಬರುವುದೇ ಇಲ್ಲವೇನೋ ಎಂದು ಅವಳಿಗೆ ಭಯವಾಗುತ್ತಿತ್ತು. ಇದನ್ನು ಅಕ್ಕನಿಗೂ ಹೇಳಿರಲಿಲ್ಲ.

*

ಎರಡನೇ ಸಲ ಹೋದಾಗ ಇಂಜೆಕ್ಷನ್ ಕೊಟ್ಟು, ಕೆನ್ನೆ ಜೋಮು ಹಿಡಿಯುವ ತನಕ ಹೊರಗೆ ಕೂರಲು ಹೇಳಿದರು. ಕೌಂಟರಿನಲ್ಲಿದ್ದವರು ಡಾಕ್ಟರ ಚಿಕ್ಕಮ್ಮ. ರಸೀದಿ ಬರೆಯುವುದು, ಫೋನ್ ಎತ್ತುವುದು, ಬಂದವರ ಮನೆಕಥೆ ಕೇಳುವುದು, ಎಲ್ಲಾ ಅವರದೇ. ಅವಳನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ಕಂಪ್ಯೂಟರಿನ ಮುಂದೆ ಕೂರಿಸಿದರು.

"ಬಾಮ್ಮ, ನೋವು ಮರೆತುಹೋಗುತ್ತೆ. ಇದು ಕತ್ತಲೆ ಸಮುದ್ರ. ಇವೆರಡು ದೋಣಿ. ಎಡಗಡೆ ಕೀಗಳು ನಿಂದು, ಬಲಗಡೆವು ಇನ್ನೊಬ್ಬರದು. ಒಂದು ದೋಣಿ ಮುಳುಗಿದ್ರೆ ಇನ್ನೊಂದು ಹೋಗ್ತಾನೇ ಇರುತ್ತೆ. ಆದ್ರೆ ಒಂದೇ ಉಳಿದ್ರೆ ಬೆಳಗೇ ಆಗಲ್ಲ."

"ಕೊನೇಲಿ ಏನಿದೆ?"

"ಯಾರು ನೋಡಿದ್ದಾರೆ! ಆಟ ಜೋರಾಗೋ ಹೊತ್ತಿಗೆ ನಾನೇ ಹೆಸರು ಕೂಗಿ ಒಳಗೆ ಕಳಿಸ್ತೀನಲ್ಲ. ಹೊಸ ಗೇಮ್ ಥರ ನಿಲ್ಲಿಸಿದ ಜಾಗದಿಂದ ಶುರು ಮಾಡೋಕೂ ಬರಲ್ಲ, ಪ್ರತಿ ಸಲ ಮೊದಲಿಂದ. ಲೋ, ನೀನೂ ಬಾರೋ, ಒಬ್ಬಳೇ ಹೇಗೆ ಆಡ್ತಾಳೆ ಪಾಪ!"

ಡಾಕ್ಟರ್ ಬಂದು ಪಕ್ಕದಲ್ಲಿ ಕೂತ. ಕೀಬೋರ್ಡ್ ಚಿಕ್ಕದು. ಅವನ ಮೊಣಕೈ ಅವಳ ಮೊಣಕೈಗೆ ತಾಗಿತು. ಇಬ್ಬರೂ ಒಟ್ಟಿಗೇ ಹಿಂದೆಳೆದುಕೊಂಡರು. ಬೇರೆ ಜಾಗವಿಲ್ಲದ್ದರಿಂದ ಮತ್ತೆ ಅಲ್ಲೇ ಇಟ್ಟರು.

ದೋಣಿಗಳು ಹೊರಟವು. ಅವಳು ತನ್ನ ಅಭ್ಯಾಸದಂತೆ ಬೆರಳುಗಳನ್ನೆಲ್ಲ ಕೀಗಳ ಮೇಲೆ ಬಿಗಿಯಾಗಿ ಒತ್ತಿ ಹಿಡಿದಳು. ಬಂಡೆಗಳ ನಡುವಿನ ಇಕ್ಕಟ್ಟು ದಾರಿ ಬಂತು. ಅವಳ ದೋಣಿ ಸರ್ರನೆ ನುಗ್ಗಿತು. ಅವನ ದೋಣಿ ಇದ್ದಲ್ಲೇ ಕಂಬದಂತೆ ನಿಂತು, ಅಲೆಗೆ ಸಿಕ್ಕಿ ಮುಳುಗಿಹೋಯಿತು.

"ನೀವೇ ಗೆದ್ರಿ," ಎಂದು ಅವನು ಎದ್ದ. ದನಿಯಲ್ಲಿ ಸ್ವಲ್ಪವೂ ಖುಷಿಯಿರಲಿಲ್ಲ.

ಅವಳಿಗೆ ನೆತ್ತಿಗೇರಿತು. ಆಟ ಮಾಡಿಯೇ ಹೊಟ್ಟೆ ಹೊರೆಯುವವಳಿಗೆ ಈ ಮನುಷ್ಯ ಮಗುವಿಗೆ ಬಿಟ್ಟುಕೊಟ್ಟಂತೆ ಬಿಟ್ಟುಕೊಟ್ಟನಲ್ಲ! "ಬೇಕಂತ್ಲೇ ಬಿತ್ತುಕೊತ್ರಿ ನೀವು," ಎಂದಳು. ಜೋಮು ಹಿಡಿದ ನಾಲಗೆ ಅವಳ ಸಿಟ್ಟಿನ ಮಾನ ಕಳೆಯಿತು.

"ನಾನಾ?" ಅವನ ಹುಬ್ಬು ಮೇಲೇರಿತು. "ಕೈ ಕಟ್ಟಿ ಹಾಕಿದೋರು ನೀವು."

ಆ ಮಾತಿನ ಅರ್ಥ ಅವಳಿಗೆ ಆಗಲಿಲ್ಲ, ಕೇಳುವಂತೆಯೂ ಇರಲಿಲ್ಲ. ಆಗಲೇ ಬಾಯಿ ತುಂಬ ಹತ್ತಿ. ಅವನು ಸರಸರನೆ ಕೆಲಸ ಮುಗಿಸಿದ. ಅವಳು ದೀಪವನ್ನೇ ದುರುಗುಟ್ಟಿ ನೋಡುತ್ತ ಮಲಗಿದ್ದಳು.

ಮುಂದಿನ ಸಲ ಬೇರೆ ಡಾಕ್ಟರನ್ನು ಹುಡುಕಿಕೊಂಡರಾಯಿತು ಎಂದು ಫೋನ್ ಮಾಡಿದಳು. ಎತ್ತಿದವರು ಚಿಕ್ಕಮ್ಮ. ಅವರ ಹತ್ತಿರ ಮಾತು ಶುರು ಮಾಡುವುದು ಸುಲಭ, ಮುಗಿಸುವುದು ನಮ್ಮ ಕೈಯಲ್ಲಿಲ್ಲ.

"ಬರಲ್ಲ ಅಂದ್ರೆ ಏನಮ್ಮ? ಅರ್ಧ ಹಲ್ಲು ಇಟ್ಕೊಂಡು ಎಲ್ಲಿಗೆ ಹೋಗ್ತೀಯ? ಇಲ್ಲಿ ಇವನ ಗೊಣಗಾಟ ಬೇರೆ. ಗೇಮ್ ಮಾಡೋರಿಗೆ ಈ ಮೋಸ ಎಲ್ಲಾ ಚೆನ್ನಾಗಿ ಗೊತ್ತಿರುತ್ತೆ, ಬೇಕಂತಲೇ ಒತ್ತಿ ಹಿಡಿದ್ರು ಅಂತ."

"ಯಾವ ಮೋಸ?"

"ಅಯ್ಯೋ, ನಿನಗೆ ಗೊತ್ತಿಲ್ವಾ? ಅದು ಹಳೇ ಕೀಬೋರ್ಡಮ್ಮ. ಒಟ್ಟಿಗೆ ಎರಡು ಮೂರು ಕೀ ಒತ್ತಿದ್ರೆ ಸರಿ, ಜಾಸ್ತಿ ಆದ್ರೆ ಅದಕ್ಕೆ ತಿಳಿಯಲ್ಲ. ನೀನು ಎಲ್ಲಾ ಹಿಡ್ಕೊಂಡು ಕೂತ್ರೆ ಅವನು ಎಷ್ಟು ಒತ್ತಿದ್ರೂ ಅವನ ದೋಣಿ ಅಲ್ಲಾಡಲ್ಲ. ನೀನು ಬೆರಳು ಎತ್ತಿದ್ರೆ ತಾನೇ ಅವನಿಗೆ ದಾರಿ!"

ಅವಳು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಳು. ಮುಂದಿದ್ದ ಆಫೀಸಿನ ಹೊಳೆಯುವ ಕೀಬೋರ್ಡಿನ ಮೇಲೆ ಹತ್ತೂ ಬೆರಳು ಒತ್ತಿ ನೋಡಿದಳು. ಎಲ್ಲವನ್ನೂ ಕೇಳಿಸಿಕೊಂಡಿತು. ಯಾರಿಗೂ ಜಾಗ ಬಿಡಬೇಕಾದ ಪ್ರಮೇಯವೇ ಇಲ್ಲ. ಅವಳ ಜೊತೆ ಆಡುವವರೆಲ್ಲ ಬೇರೆ ಬೇರೆ ಊರಿನಲ್ಲಿ, ತಮ್ಮ ತಮ್ಮ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವರು. ವರ್ಷಗಟ್ಟಲೆ ಆಡಿದ್ದರೂ ಒಬ್ಬರ ಮೊಣಕೈಯೂ ಅವಳಿಗೆ ತಾಗಿರಲಿಲ್ಲ.

"ಅಪಾಯಿಂಟ್‌ಮೆಂಟ್ ಹಾಗೇ ಇರಲಿ ಚಿಕ್ಕಮ್ಮ," ಎಂದಳು. ಚಿಕ್ಕಮ್ಮ ಎಂದು ಯಾವಾಗಿನಿಂದ ಕರೆಯತೊಡಗಿದೆ ಎಂದು ಆಮೇಲೆ ನಾಚಿಕೊಂಡಳು.

*

ಈ ಸಲ ಅವಳೇ ಮೊದಲು ಕೂತು, ಪಕ್ಕದ ಕುರ್ಚಿ ಎಳೆದಿಟ್ಟಳು. ಡಾಕ್ಟರ್ ಬಾಗಿಲಲ್ಲಿ ತಡೆದು ನಿಂತ.

"ಕೀಬೋರ್ಡ್ ವಿಷಯ ನನಗೆ ಗೊತ್ತಿರಲಿಲ್ಲ," ಎಂದಳು. "ಆಣೆ ಮಾಡಿ ಹೇಳ್ತೀನಿ."

"ನಾನು ನಿಮಗೆ ಬಿಟ್ಟುಕೊಟ್ಟಿರಲಿಲ್ಲ. ನಾನೂ ಆಣೆ ಮಾಡ್ತೀನಿ." ಅವನು ಕೂತ. "ನಿಜ ಹೇಳಬೇಕು ಅಂದ್ರೆ ಸೋತಿದ್ದಕ್ಕೆ ಮೂರು ದಿನ ಊಟ ರುಚಿಸಲಿಲ್ಲ."

"ಅಷ್ಟು ಸಣ್ಣ ಮನಸ್ಸಾ?"

"ಆಟದ ವಿಷಯದಲ್ಲಿ ತುಂಬ ಸಣ್ಣದು."

ದೋಣಿಗಳು ಹೊರಟವು. ಅವಳು ಒಂದು ಕೀ ಒತ್ತಿ ಬೆರಳೆತ್ತಿದಳು. ಅವನ ದೋಣಿ ಸರಿಯಿತು. ಅವನು ಬೆರಳೆತ್ತಿದ, ಅವಳದು ಸರಿಯಿತು. ಮೊದಮೊದಲು ಎಡವಟ್ಟಾಯಿತು, "ಬಿಡಿ ಬಿಡಿ, ಈಗ ನನ್ನ ಸರದಿ" ಎಂದು ಜಗಳವೂ ಆಯಿತು. ನೋಡನೋಡುತ್ತ ಮಾತು ನಿಂತಿತು. ಅವನು ಯಾವಾಗ ಬೆರಳೆತ್ತುತ್ತಾನೆ ಎಂಬುದು ಅವಳಿಗೆ ನೋಡದೆಯೇ ತಿಳಿಯತೊಡಗಿತು. ಅವನ ಮಣಿಕಟ್ಟಿನ ಸಣ್ಣ ಅಲುಗಾಟ, ತಡೆದು ಬಿಡುವ ಉಸಿರು, ಎಲ್ಲ ಅವಳ ಮೊಣಕೈಗೆ ಬಂದು ಮುಟ್ಟುತ್ತಿತ್ತು.

ಇಕ್ಕಟ್ಟು ದಾರಿಯಲ್ಲಿ ಅವನು ಬೆರಳೆತ್ತಿ ಅವಳನ್ನು ಮುಂದೆ ಬಿಟ್ಟ. ಅವಳು ಆಚೆ ಸೇರಿದವಳೇ ಎರಡೂ ಕೈ ಎತ್ತಿ ಅವನಿಗೆ ಇಡೀ ಕೀಬೋರ್ಡನ್ನೇ ಬಿಟ್ಟುಕೊಟ್ಟಳು. ಅವನ ದೋಣಿ ಬಂಡೆಗೆ ಕೂದಲೆಳೆಯಷ್ಟು ದೂರದಲ್ಲಿ ದಾಟಿ ಬಂದು ಅವಳ ದೋಣಿಯ ಪಕ್ಕ ನಿಂತಿತು.

ಆಗ ಪರದೆಯ ಅಂಚಿನಲ್ಲಿ ಒಂದು ಹಳದಿ ಚುಕ್ಕಿ ಬಂತು.

ಒಂದೇ ಚುಕ್ಕಿ. ಆಮೇಲೆ ಅದರ ಪಕ್ಕ ಇನ್ನೊಂದು. ಕಪ್ಪಾಗಿದ್ದ ನೀರಿನ ಮೇಲೆ ತೆಳುವಾಗಿ ಒಂದು ಗೆರೆ ಮೂಡಿತು. ಇಷ್ಟು ಹೊತ್ತು ತಾವು ಎಂಥ ದೊಡ್ಡ ಸಮುದ್ರದಲ್ಲಿದ್ದೆವು ಎಂಬುದು ಅವಳಿಗೆ ಆಗ ಕಂಡಿತು. ಮೈ ಜುಮ್ಮೆಂದಿತು. ಕಣ್ಣಲ್ಲಿ ನೀರು ತುಂಬಿತು. ಮೋಡವಿಲ್ಲ, ಇಬ್ಬನಿಯಿಲ್ಲ, ಬಣ್ಣ ಎಂದರೆ ಅದೊಂದು ಹಳದಿ. ಆದರೂ ಅವಳು ತನ್ನ ಜನ್ಮದಲ್ಲಿ ಇಂಥ ಬೆಳಗನ್ನು ನೋಡಿರಲಿಲ್ಲ. ತಾನು ಮಾಡಿದ್ದ ಸೂರ್ಯ ಯಾರು ನೋಡಲಿ ಬಿಡಲಿ ತನ್ನ ಪಾಡಿಗೆ ತಾನು ಹುಟ್ಟುತ್ತಿದ್ದ. ಈ ಸೂರ್ಯನನ್ನು ಇವರಿಬ್ಬರೂ ಸೇರಿ ಕತ್ತಲೆಯಿಂದ ಎಳೆದು ತಂದಿದ್ದರು. ಕಾಣದ ಮೋಡವನ್ನೂ ಗಾಳಿಯ ತಂಪನ್ನೂ ಅವಳ ಮನಸ್ಸೇ ತುಂಬಿಕೊಂಡಿತ್ತು, ಅವಳಿಗೆ ಹೇಗೆ ಬೇಕೋ ಹಾಗೆ.

"ಇಷ್ಟು ದೊಡ್ಡ ಸಮುದ್ರ ಈ ಡಬ್ಬದಲ್ಲಿ ಹೇಗೆ ಹಿಡೀತು?" ಪಿಸುಗುಟ್ಟಿದಳು.

"ನಿಮ್ಮ ಒಂದು ಹಲ್ಲಿನ ಎಕ್ಸ್-ರೇ ಇದೆಯಲ್ಲ, ಕಂಪ್ಯೂಟರಿನಲ್ಲಿ ಅದು ಹಿಡಿಯೋ ಜಾಗದಲ್ಲಿ ಇಂಥ ಎಷ್ಟೋ ಸಮುದ್ರ ಇಡಬಹುದು."

ಅವಳು ತಿರುಗಿ ನೋಡಿದಳು. ಅವನು ಪರದೆಯನ್ನು ನೋಡುತ್ತಿರಲಿಲ್ಲ. ಹಳದಿ ಬೆಳಕು ಅವಳ ಕೆನ್ನೆಯ ಮೇಲೆ ಬಿದ್ದಿತ್ತು, ಅವನು ಅದನ್ನು ನೋಡುತ್ತಿದ್ದ. ಸಿಕ್ಕಿಬಿದ್ದೆನೆಂದು ತಿಳಿದ ಕೂಡಲೇ ಮಾಸ್ಕ್ ಮೇಲೆಳೆದುಕೊಂಡ.

"ಇದರ ಮುಂದೆ ಏನಿದೆ?"

"ಇಲ್ಲಿಂದಾಚೆ ನಾನೂ ಹೋಗಿಲ್ಲ."

ಅಷ್ಟರಲ್ಲಿ ಚಿಕ್ಕಮ್ಮ ಕೌಂಟರಿನಿಂದ ಕೂಗಿದರು. ಅವರನ್ನು ಆ ಗಳಿಗೆಯಲ್ಲಿ ಇಬ್ಬರೂ ಮನಸ್ಸಿನಲ್ಲೇ ಬೈದುಕೊಂಡರು.

*

ಹಲ್ಲು ಗುಣವಾಗುತ್ತ ಬಂದಂತೆ ಅವಳ ನೆಮ್ಮದಿ ಕೆಡುತ್ತ ಬಂತು. ನೋವು ಹೋಯಿತು, ಊತ ಇಳಿಯಿತು, ಅಳತೆ ತೆಗೆದದ್ದಾಯಿತು. ಇನ್ನು ಕ್ಯಾಪ್ ಕೂರಿಸಿದರೆ ಮುಗಿಯಿತು. ಆಮೇಲೆ ಯಾವ ನೆಪ ಹೇಳಿ ಆ ಮೆಟ್ಟಿಲು ಹತ್ತುವುದು? ಅವನು ಆಟದ ವಿಷಯ ಬಿಟ್ಟು ಬೇರೊಂದು ಮಾತನ್ನೂ ಆಡುತ್ತಿರಲಿಲ್ಲ. ಅವಳ ಫೋನ್ ನಂಬರ್ ಚಿಕ್ಕಮ್ಮನ ಹತ್ತಿರ ಇತ್ತು, ಆದರೆ ಒಂದು ಮೆಸೇಜೂ ಬಂದಿರಲಿಲ್ಲ. ಆ ಬೆಳಗು ಕಂಡವಳು ತಾನೊಬ್ಬಳೇ ಏನೋ ಎಂದು ಅವಳಿಗೆ ಅನುಮಾನ.

ಕೊನೆಯ ದಿನ ಅವನು ಕ್ಯಾಪ್ ಕೂರಿಸಿ ಕನ್ನಡಿ ಕೊಟ್ಟ. "ಇನ್ನು ನೀವು ಬರಬೇಕಾಗಿಲ್ಲ."

"ಮತ್ತೆ ನೋವು ಬಂದ್ರೆ?"

"ಮಾರ್ಕೆಟ್ ಹತ್ರ ಒಬ್ಬರು ಡಾಕ್ಟರಮ್ಮ ಇದ್ದಾರೆ. ಅವರ ಹತ್ರ ಹೋಗಿ. ನಿಮ್ಮ ವಿಷಯ ಅವರಿಗೆ ಹೇಳಿಟ್ಟಿದ್ದೀನಿ."

ಅವಳ ಮುಖ ಕಪ್ಪಿಟ್ಟಿತು. ಬ್ಯಾಗ್ ಎತ್ತಿಕೊಂಡು ಹೊರಟವಳು ಮೆಟ್ಟಿಲ ತನಕ ಹೋದಳು. ಅಲ್ಲಿಂದ ಮತ್ತೆ ದಡದಡ ವಾಪಸ್ಸು ಬಂದಳು. ಸುಮ್ಮನೆ ಹೋಗುವ ಜಾಯಮಾನ ಅವಳದಲ್ಲ.

"ನಾನೇನು ಮಾಡಿದೆ ನಿಮಗೆ? ನನ್ನನ್ನ ಬೇರೆಯವರ ಹತ್ರ ಯಾಕೆ ಓಡಿಸ್ತಿದ್ದೀರ?"

ಅವನು ಕೈಗವಸು ಬಿಚ್ಚಿದ, ಮಾಸ್ಕ್ ಬಿಚ್ಚಿದ. ಹಲ್ಲಿನ ಡಾಕ್ಟರ ತುಟಿ ನಡುಗುವುದನ್ನು ಅವಳು ಅಂದೇ ಮೊದಲು ನೋಡಿದ್ದು.

"ಪೇಶಂಟನ್ನ ಭಾನುವಾರ ಆಟಕ್ಕೆ ಬನ್ನಿ ಅಂತ ಕರೆಯೋ ಹಾಗಿಲ್ಲ. ಅದು ತಪ್ಪಾಗುತ್ತೆ. ಅದಕ್ಕೇ ಮೊದಲು ನಿಮ್ಮನ್ನ ಬೇರೆ ಡಾಕ್ಟರಿಗೆ ಒಪ್ಪಿಸಬೇಕಾಯ್ತು."

ಅವಳು ಬ್ಯಾಗನ್ನು ಮೆಲ್ಲಗೆ ಕೆಳಗಿಟ್ಟಳು.

"ಈಗ ನಾನು ನಿಮ್ಮ ಪೇಶಂಟ್ ಅಲ್ವಾ?"

"ಈಗ ಅಲ್ಲ."

"ಹಾಗಾದ್ರೆ ಕರೀರಿ."

"ಭಾನುವಾರ ಬರ್ತೀರಾ?"

"ಯೋಚನೆ ಮಾಡ್ತೀನಿ," ಎಂದಳು. ಹೊರಗೆ ಚಿಕ್ಕಮ್ಮ ರಿಂಗೇ ಆಗದ ಫೋನನ್ನು ಕಿವಿಗೆ ಹಿಡಿದು ಯಾರೊಂದಿಗೋ ಗಂಭೀರವಾಗಿ ಮಾತಾಡುತ್ತಿದ್ದರು.

*

ಭಾನುವಾರ ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಪೇಶಂಟುಗಳು ಯಾರೂ ಇರಲಿಲ್ಲ. ಚಿಕ್ಕಮ್ಮ ಕುಂಡಗಳಿಗೆ ನೀರು ಹಾಕುವ ನೆಪದಲ್ಲಿ ಬಂದು, ಕೌಂಟರಿನ ಹಿಂದೆ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ಹೆಸರು ಕೂಗುವವರು ಅಂದು ಯಾರೂ ಇಲ್ಲ.

ಬಂಡೆ ದಾಟಿದರು. ಬೆಳಗು ದಾಟಿದರು. ಅದರಾಚೆ ಯಾರೂ ನೋಡದ ನೀರು. ಪುಟ್ಟ ನಡುಗಡ್ಡೆಗಳು ಬಂದು ಹೋದವು, ಮೂರು ಚುಕ್ಕಿಯ ಹಕ್ಕಿಯೊಂದು ತಲೆಯ ಮೇಲೆ ಹಾರಿತು. ಅವಳು ಚಿಕ್ಕ ಹುಡುಗಿಯಂತೆ ಕಿರುಚಿ ಅವನ ತೋಳು ಹಿಡಿದು ತೋರಿಸಿದಳು. ಹಕ್ಕಿ ಹೋದಮೇಲೂ ಅವನು ತೋಳನ್ನೇ ನೋಡಿಕೊಂಡಿದ್ದ.

ಬರಬರುತ್ತ ಪರದೆ ಮತ್ತೆ ಕಪ್ಪಾಯಿತು. ದೋಣಿಗಳು ನಿಂತುಬಿಟ್ಟವು. ಅವಳು ಒತ್ತಿದಳು, ಅವನು ಒತ್ತಿದ, ಸರದಿ ಪ್ರಕಾರ ಒತ್ತಿದರು, ಒಟ್ಟಿಗೇ ಒತ್ತಿದರು. ಊಹೂಂ.

"ಕೀಬೋರ್ಡ್ ಸತ್ತುಹೋಯ್ತು ಅನ್ಸುತ್ತೆ," ಅವನ ಮುಖ ಬಾಡಿತು. ಬಗ್ಗಿ ವೈರ್ ನೋಡಿದ. ಅವಳೂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಇಷ್ಟು ದೂರ ಬಂದು ಹೀಗಾಯಿತಲ್ಲ ಎಂದು ಇಬ್ಬರೂ ಪರದೆಯನ್ನೇ ನೋಡುತ್ತ ಕೂತರು.

ಕಪ್ಪು ಪರದೆಯ ಮೇಲ್ಗಡೆ ಒಂದು ಚುಕ್ಕಿ ಮಿನುಗಿತು. ಅವಳು ಮಿಸುಕದೆ ನೋಡಿದಳು. ಇನ್ನೊಂದು. ಅದರಾಚೆ ಮತ್ತೊಂದು. ಕೆಳಗೆ ನೀರಿನಲ್ಲೂ ಅವುಗಳ ಪ್ರತಿಬಿಂಬ.

"ಏಯ್, ಬಂತು!" ಎಂದು ಅವನು ಆತುರದಿಂದ ಕೀ ಒತ್ತಿದ. ನಕ್ಷತ್ರಗಳೆಲ್ಲ ಒಂದೇಟಿಗೆ ಮಾಯ.

ಅವಳಿಗೆ ತಟ್ಟನೆ ತಿಳಿಯಿತು. ಇಲ್ಲಿ ಯಾರೂ ಏನೂ ಮಾಡಬಾರದು. ಅವನ ಕೈ ಮತ್ತೆ ಕೀಬೋರ್ಡಿನ ಕಡೆ ಹೋಗುತ್ತಿತ್ತು. ಅವಳು ಗಬಕ್ಕನೆ ಹಿಡಿದುಕೊಂಡಳು. "ಮುಟ್ಟಬೇಡಿ!"

"ಎಷ್ಟು ಹೊತ್ತು?"

"ಸುಮ್ನಿರಿ."

ಸುಮ್ಮನಿದ್ದರು. ಚುಕ್ಕಿಗಳು ಒಂದೊಂದಾಗಿ ಮತ್ತೆ ಮೂಡಿದವು. ಇವರ ತಾಳ್ಮೆ ನೋಡಿ ನೋಡಿ ಮೂಡುತ್ತಿವೆಯೇನೋ ಎಂಬಷ್ಟು ನಿಧಾನ. ಯಾರೋ ಒಬ್ಬ ಮನುಷ್ಯ ಎಂದೋ, ಎಲ್ಲೋ ಒಂದು ಸಣ್ಣ ಕೋಣೆಯಲ್ಲಿ ಕೂತು ಇದನ್ನು ಬರೆದಿದ್ದ. ಎಷ್ಟು ಜನ ಇಲ್ಲಿಯ ತನಕ ಬರುತ್ತಾರೆ, ಬಂದವರಲ್ಲಿ ಎಷ್ಟು ಜನ ಕೈ ಎತ್ತಿ ಕಾಯುತ್ತಾರೆ, ಅವನಿಗೇನೂ ಗೊತ್ತಿರಲಿಲ್ಲ. ಆದರೂ ಆಕಾಶ ಪೂರ್ತಿ ಮಾಡಿಟ್ಟು ಹೋಗಿದ್ದ. ಅವಳಿಗೆ ಕೈ ಮುಗಿಯಬೇಕೆನ್ನಿಸಿತು. ಆದರೆ ಒಂದು ಕೈ ಖಾಲಿಯಿರಲಿಲ್ಲ.

"ನೀವು ಅಂದ್ರೆ ನನಗೆ ತುಂಬ ಇಷ್ಟ," ಎಂದ ಅವನು, ಪರದೆಯನ್ನೇ ನೋಡುತ್ತ.

"ಇಷ್ಟು ದಿನ ಹೇಳೋಕೆ ಏನಾಗಿತ್ತು?"

"ನಿಮ್ಮ ಬಾಯಿ ತುಂಬ ಯಾವಾಗಲೂ ಹತ್ತಿ ಇರ್ತಿತ್ತಲ್ಲ. ಉತ್ತರ ಹೇಗೆ ಬರುತ್ತೆ?"

ಅವಳಿಗೆ ನಗುವೂ ಬಂತು, ಅಳುವೂ ಬಂತು. "ನನಗೂ ಇಷ್ಟ," ಎಂದಳು. "ಆ ಬೆಳಗಾದ ದಿನದಿಂದ. ಕಳೆದುಕೊಂಡೇಬಿಟ್ಟೆ ಅಂದ್ಕೊಂಡಿದ್ದೆ ನಾನು, ಹೀಗೆ ಬೆರಗಾಗಿ ನೋಡೋದನ್ನ. ನೀವು ಪಕ್ಕದಲ್ಲಿ ಕೂತ್ರಿ, ವಾಪಸ್ ಬಂತು."

ಅವನು ಅವಳ ಬೆರಳುಗಳನ್ನು ಮೆಲ್ಲಗೆ ಹಿಡಿದುಕೊಂಡ. ಪರದೆಯ ತುಂಬ ಈಗ ಕಪ್ಪಿಗಿಂತ ಬೆಳಕೇ ಹೆಚ್ಚಾಗಿತ್ತು. ಎರಡು ದೋಣಿಗಳು ಅದರ ನಡುವೆ ಅಕ್ಕಪಕ್ಕ ತೇಲುತ್ತಿದ್ದವು.

"ಆಟ ಮುಗೀತಾ?" ಕೇಳಿದ.

"ಗೊತ್ತಿಲ್ಲ. ಒಂದು ಕೀ ಒತ್ತಿ ನೋಡಿದ್ರೆ ಗೊತ್ತಾಗುತ್ತೆ."

"ನೋಡೋಣ್ವಾ?"

ಅವಳು ತಲೆಯಾಡಿಸಿದಳು, ಬೇಡವೆಂದು. ಇನ್ನೊಂದು ಕೈಯನ್ನೂ ಅವನ ಕೈಯ ಮೇಲೆ ಇಟ್ಟಳು. ಹೊರಗೆ ಬೀದಿಯಲ್ಲಿ ಯಾರೋ ಬಾಗಿಲು ಹಾಕಿ ಮಾತಾಡಿಕೊಂಡು ಹೋದರು. ಆಮೇಲೂ ನಕ್ಷತ್ರಗಳು ಬರುತ್ತಲೇ ಇದ್ದವು.